ಹುಳುಕಡ್ಡಿಗೆ ಅರ್ಧ ಟ್ಯೂಬ್ ಸಾಲದು

ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಮಳೆಗಾಲ) ಕೊಡಗಿನ ವಿರಾಜಪೇಟೆಯ ನಮ್ಮ ಔಷಧಿ ಅಂಗಡಿಗೆ ಹುಳುಕಡ್ಡಿಯವರೇ ಹೆಚ್ಚು. ದಿನವಿಡೀ ಗಂಬೂಟಿನೊಳಗೆ ನೆನೆದ ಕಾಲು, ಒಲೆಯ ಮೇಲೆ ಹರವಿದರೂ ಒಣಗದ ಬಟ್ಟೆ. ತೋಟದ ಕೆಲಸದವರ ತೊಡೆಸಂದಿ, ಬೆರಳಸಂದಿ ಎಲ್ಲ ಕೆಂಪು.

"ತುರಿಕೆ ಬೇಗ ನಿಲ್ಲೋದು ಕೊಡಿ" ಅಂತಾರೆ. ಕೇಳುವುದು ಸ್ಟೀರಾಯ್ಡ್ ಬೆರೆಸಿದ ಮುಲಾಮು. ನಾನು ಕೊಡುವುದಿಲ್ಲ. ಅದು ತುರಿಕೆಯ ಜೊತೆ ಚರ್ಮದ ಪ್ರತಿರೋಧವನ್ನೂ ಅಡಗಿಸುತ್ತದೆ. ಹುಳುಕಡ್ಡಿ ತರುವ ಶಿಲೀಂಧ್ರ ಒಳಗೊಳಗೇ ಹರಡುತ್ತದೆ.

ಶಿಲೀಂಧ್ರದ ಕೋಶಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು, ನಮ್ಮದರಲ್ಲಿರುವುದು ಕೊಲೆಸ್ಟರಾಲ್. ಔಷಧಿಗೆ ದಾರಿ ಸಿಕ್ಕಿರುವುದೇ ಈ ವ್ಯತ್ಯಾಸದಲ್ಲಿ. ಕ್ಲೋಟ್ರಿಮಜೋಲ್, ಇಟ್ರಾಕೊನಜೋಲ್, ಟರ್ಬಿನಾಫಿನ್ ಎಂಬ ಮೂರು ಔಷಧಿಗಳೂ ಎರ್ಗೊಸ್ಟೆರಾಲ್ ತಯಾರಿಯನ್ನು ತಡೆಯುತ್ತವೆ. ಟರ್ಬಿನಾಫಿನ್ ತಡೆಯುವುದು ಆ ತಯಾರಿಯ ಇನ್ನೂ ಮುಂಚಿನ ಹಂತವನ್ನು. ಆದರೆ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂಬ ಶಿಲೀಂಧ್ರ ಭಾರತದಲ್ಲಿ ಹರಡಿದೆ, ಅದು ಎಷ್ಟೋ ಸಲ ಟರ್ಬಿನಾಫಿನ್‌ಗೆ ಬಗ್ಗುವುದಿಲ್ಲ. ಹಾಗಾಗಿ ಹಳೇ ಚೀಟಿ ಹಿಡಿದು ಬರಬೇಡಿ, ವೈದ್ಯರಿಗೆ ಚರ್ಮ ತೋರಿಸಿ.

ಶಿಲೀಂಧ್ರದಿಂದಲೇ ಬರುವ ಕಾಫಿಯ ಕೊಳೆರೋಗಕ್ಕೆ ಮಳೆಗೆ ಮುಂಚೆಯೇ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಜನ ನಾವು. ನಮ್ಮ ಮೈಗೂ ಅಷ್ಟೇ ಕಾಳಜಿ ಬೇಡವೇ?

ಮುಲಾಮನ್ನು ಕಲೆಯ ಅಂಚಿನಾಚೆಗೂ 2 ಸೆಂ.ಮೀ. ಹಚ್ಚಿ. ಮಾಸಿದಂತೆ ಕಂಡ ಮೇಲೂ ವೈದ್ಯರು ಹೇಳಿದಷ್ಟು ವಾರ ಮುಂದುವರಿಸಿ. ಮನೆಮಂದಿಗೆಲ್ಲ ಒಂದೇ ಟವೆಲ್ ಬೇಡ.