ಶನಿವಾರದ ಕುರ್ಚಿ

ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಹೊಂದಿಕೊಂಡು ಒಂದು ಸಣ್ಣ ಕೋಣೆ ಇತ್ತು. ಹಳೆಯ ಉತ್ತರ ಪತ್ರಿಕೆಗಳ ಕಟ್ಟು, ಕ್ರೀಡಾಕೂಟದ ಬಾವುಟ, ಕಾಲು ಮುರಿದ ಬೆಂಚು ಎಲ್ಲ ಅಲ್ಲೇ ಬಿದ್ದಿರುತ್ತಿದ್ದವು. ಕಿಟಕಿ ಪಕ್ಕ ಒಂದು ಬೆತ್ತದ ಕುರ್ಚಿ. ವಾರವೆಲ್ಲ ಆ ಕುರ್ಚಿಯ ಮೇಲೆ ರಿಜಿಸ್ಟರುಗಳು ಇರುತ್ತಿದ್ದವು. ಶನಿವಾರ ಮಧ್ಯಾಹ್ನ ಮಾತ್ರ ಕನ್ನಡ ಮೇಷ್ಟ್ರು ಅವನ್ನೆಲ್ಲ ಎತ್ತಿ ಕೆಳಗಿಟ್ಟು, ಕರ್ಚೀಫಿನಿಂದ ಕುರ್ಚಿ ಒರೆಸುತ್ತಿದ್ದರು. ಯಾರೋ ಬರುತ್ತಾರೆ ಅಂತ ಅರ್ಥ.

ನಾನು ಬಿ.ಎ. ಓದಿದ್ದು 1998ರಿಂದ 2001ರವರೆಗೆ. ದಾವಣಗೆರೆ ಆಗಿನ್ನೂ ಹೊಸ ಜಿಲ್ಲೆ. 1997ರ ಆಗಸ್ಟ್ 15ಕ್ಕೆ ಚಿತ್ರದುರ್ಗದಿಂದ ಬೇರೆಯಾಗಿತ್ತಷ್ಟೆ. ಮನೆಯಲ್ಲಿ ಅಪ್ಪ ಯಾವ ಸರ್ಕಾರಿ ಕಾಗದ ಬಂದರೂ "ದುರ್ಗಕ್ಕೆ ಹೋಗಬೇಕಲ್ಲ" ಅಂತ ಎದ್ದು ನಿಲ್ಲುತ್ತಿದ್ದರು, ಆಮೇಲೆ ನೆನಪಾಗಿ ಕೂರುತ್ತಿದ್ದರು. ಊರಿನ ಹತ್ತಿ ಮಿಲ್ಲುಗಳು ಒಂದೊಂದೇ ಬಾಗಿಲು ಹಾಕಿಕೊಂಡ ಕಾಲ ಅದು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಪುಸ್ತಕದಲ್ಲಿ ಓದುತ್ತಿದ್ದೆವು. ಹೊರಗೆ ಬಂದರೆ ಮಿಲ್ಲಿನಿಂದ ಬಿಟ್ಟವರು ಮಿರ್ಚಿ ಬಂಡಿ ಹಾಕಿರುತ್ತಿದ್ದರು, ಆಟೊ ಓಡಿಸುತ್ತಿದ್ದರು.

ಮೇಷ್ಟ್ರು ಕುರ್ಚಿಗೆ ಕರೆಯುತ್ತಿದ್ದದ್ದು ಇಂಥವರನ್ನೇ. ಪೋಸ್ಟ್‌ಮ್ಯಾನ್, ಕರೆಂಟ್ ಲೈನ್‌ಮ್ಯಾನ್, ಸೂಲಗಿತ್ತಿ ಅಜ್ಜಿ, ಗರಡಿ ಮನೆಯ ವಸ್ತಾದ್, ದೋಸೆ ಹೋಟೆಲಿನಲ್ಲಿ ಸೌದೆ ಒಲೆ ನೋಡಿಕೊಳ್ಳುವವರು. ದೊಡ್ಡವರು ಯಾರೂ ಇಲ್ಲ. ಹಾರ, ಶಾಲು, ನಿರೂಪಣೆ ಏನೂ ಇಲ್ಲ. ಹತ್ತು ಹನ್ನೆರಡು ಜನ ಹುಡುಗ ಹುಡುಗಿಯರು ನೆಲದ ಮೇಲೆ ಕೂರುತ್ತಿದ್ದೆವು. ಮಧ್ಯದಲ್ಲಿ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್. ಅರವತ್ತು ನಿಮಿಷದ ಕ್ಯಾಸೆಟ್. ಮೂವತ್ತು ನಿಮಿಷಕ್ಕೆ ಒಂದು ಮುಖ ಮುಗಿದು ಟಕ್ ಅಂತ ಗುಂಡಿ ಮೇಲೇಳುತ್ತಿತ್ತು. ಬಂದವರು ಬೆಚ್ಚುತ್ತಿದ್ದರು. ಮಗುಚಿ ಹಾಕಿ ಮತ್ತೆ ಶುರು.

ಪ್ರಶ್ನೆ ಕೇಳುವ ಕೆಲಸ ನಮ್ಮದು. ಮೇಷ್ಟ್ರು ಎರಡೇ ಮಾತು ಹೇಳಿಕೊಟ್ಟಿದ್ದರು. "ನಿಮ್ಮ ಸಾಧನೆ ಏನು ಅಂತ ಯಾರನ್ನೂ ಕೇಳಬೇಡಿ. ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತೀರಿ ಅಂತ ಕೇಳಿ. ಅವರು ಮಾತು ನಿಲ್ಲಿಸಿದರೆ ನೀವು ಬಾಯಿ ಹಾಕಬೇಡಿ, ಸುಮ್ನೆ ಇರಿ." ತೀರಾ ಹೊತ್ತಾದರೆ ಅವರೇ ಗೋಡೆಗೆ ಒರಗಿಕೊಂಡು ಮೆಲ್ಲಗೆ "ಆಮೇಲೆ?" ಅನ್ನುತ್ತಿದ್ದರು. ಮೂರು ವರ್ಷದಲ್ಲಿ ಆ ಕೋಣೆಯಲ್ಲಿ ಅವರು ಇದಕ್ಕಿಂತ ಜಾಸ್ತಿ ಮಾತಾಡಿದ್ದು ನನಗೆ ನೆನಪಿಲ್ಲ.

ಈಗ ನಾನು ಪಾಡ್‌ಕಾಸ್ಟ್ ಮಾಡುತ್ತೇನೆ, ಅಂದರೆ ಇಂಟರ್ನೆಟ್‌ನಲ್ಲಿ ಬೇಕಾದಾಗ ಕೇಳುವ ಮಾತಿನ ಕಾರ್ಯಕ್ರಮ. 2020ರಲ್ಲಿ, ಎಲ್ಲರೂ ಮನೆಯೊಳಗೆ ಇದ್ದಾಗ ಶುರು ಮಾಡಿದ್ದು. ಆ ಪದವೇ ಹುಟ್ಟಿದ್ದು 2004ರಲ್ಲಂತೆ. ಹಾಡು ಕೇಳುವ ಪುಟ್ಟ ಯಂತ್ರ ಐಪಾಡ್ ಮತ್ತು ಬ್ರಾಡ್‌ಕಾಸ್ಟ್ ಎರಡರ ಹೆಸರನ್ನೂ ಸೇರಿಸಿ ಬೆನ್ ಹ್ಯಾಮರ್ಸ್ಲಿ ಎಂಬ ಪತ್ರಕರ್ತ ಲಂಡನ್ನಿನ ಗಾರ್ಡಿಯನ್ ಪತ್ರಿಕೆಯಲ್ಲಿ ಬಳಸಿದರು. ಅದನ್ನು ಓದಿದಾಗ ನನಗೆ ಮೊದಲು ಕಂಡದ್ದು ನಮ್ಮ ಬೆತ್ತದ ಕುರ್ಚಿ. ಹೆಸರು ಇರಲಿಲ್ಲ, ಇಂಟರ್ನೆಟ್ ಇರಲಿಲ್ಲ, ಕೇಳುವವರು ಹನ್ನೆರಡೇ ಜನ. ಆದರೆ ಕೆಲಸ ಅದೇ ಅಲ್ವಾ?

ಕೆ.ಟಿ.ಜೆ. ನಗರದ ನಮ್ಮ ಮನೆಯ ಹಿಂದಿನ ಕೋಣೆಯೇ ನನ್ನ ಸ್ಟುಡಿಯೊ. ಅಮ್ಮ ಹೊಲಿದ ನಾಲ್ಕು ಕೌದಿಗಳನ್ನು ಗೋಡೆಗೆ ತೂಗು ಹಾಕಿದ್ದೇನೆ. ಬರಿ ಗೋಡೆಯಾದರೆ ದನಿ ತಿರುಗಿ ಬಂದು ಬಾವಿಯೊಳಗೆ ಮಾತಾಡಿದ ಹಾಗೆ ಕೇಳುತ್ತದೆ. ಕೌದಿ ಅದನ್ನು ಕುಡಿದುಬಿಡುತ್ತದೆ. ಫ್ಯಾನ್ ಆಫ್, ಫ್ರಿಜ್ ಪ್ಲಗ್ ತೆಗೆಯಬೇಕು, ಪಕ್ಕದ ಮನೆಯ ಕುಕ್ಕರ್ ಕೂಗಿ ಮುಗಿಯುವ ತನಕ ಕಾಯಬೇಕು. ಮೈಕು ಬಾಯಿಗೆ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ನೇರ ಇಟ್ಟರೆ 'ಪ', 'ಬ' ಅಂದಾಗಲೆಲ್ಲ ಗಾಳಿ ಬಡಿದು ಢಬ್ ಅನ್ನುತ್ತದೆ. ಮಾತು ಶುರುವಾಗುವ ಮೊದಲು ಅರ್ಧ ನಿಮಿಷ ಇಬ್ಬರೂ ಸುಮ್ಮನೆ ಕೂತು ಖಾಲಿ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಆಮೇಲೆ ಕೆಮ್ಮು, ಹಾರ್ನ್ ಕತ್ತರಿಸಿದ ಜಾಗಕ್ಕೆ ಅದನ್ನು ತುಂಬಬಹುದು. ಬಂದವರಿಗೆ ಅದೇ ಅರ್ಧ ನಿಮಿಷದಲ್ಲಿ ಮೈ ಹಗುರಾಗುತ್ತದೆ. ಇದನ್ನು ಯಂತ್ರದ ಪುಸ್ತಕದಲ್ಲಿ ಬರೆದಿಲ್ಲ, ಮೇಷ್ಟ್ರ ಕೋಣೆಯಲ್ಲಿ ಕಂಡದ್ದು.

ಇದುವರೆಗೆ 80 ಜನ ಬಂದು ಕೂತಿದ್ದಾರೆ. ಒಬ್ಬೊಬ್ಬರದೂ ಒಂದೇ ಬದುಕಲ್ಲ, ಮೂರು ನಾಲ್ಕು ಬದುಕು. ಒಬ್ಬರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು. ಸೀಸದ ಅಕ್ಷರಗಳನ್ನು ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ಓದಿ ಅಭ್ಯಾಸ. ಕನ್ನಡದ ಒತ್ತಕ್ಷರಗಳು ಬೇರೆ ಖಾನೆಯಲ್ಲಿ ಇರುತ್ತಿದ್ದವಂತೆ. ಕಂಪ್ಯೂಟರ್ ಬಂತು, ಡಿಟಿಪಿ ಕಲಿತರು. ಈಗ ಹೊಲದಲ್ಲಿ ಜೇನು ಸಾಕಿದ್ದಾರೆ. "ಈಗಲೂ ಅಂಗಡಿ ಬೋರ್ಡು ನೋಡಿದ್ರೆ ಕಣ್ಣು ಮೊದ್ಲು ಒತ್ತಿಗೆ ಹೋಗ್ತೈತ್ರಿ" ಅಂದರು. ಇನ್ನೊಬ್ಬರು ಬಸ್ ಕಂಡಕ್ಟರ್, ರಾತ್ರಿ ಹೊತ್ತು ಹಾರ್ಮೋನಿಯಂ ಕಲಿಯುತ್ತಿರುವ ಹೆಣ್ಣುಮಗಳು. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲೆಕ್ಕ ಬರೆಯುತ್ತಾ ಭಾನುವಾರ ಕುಸ್ತಿಗೆ ರೆಫರಿಯಾಗಿ ಹೋಗುವವರೂ ಬಂದಿದ್ದರು.

ಆದರೆ ನಾನು ಬಿಡಿಸಿ ಬರೆಯಬೇಕಾದ್ದು ಒಬ್ಬ ಅಜ್ಜನ ಬಗ್ಗೆ. ಹತ್ತೊಂಬತ್ತನೇ ವಯಸ್ಸಿಗೆ ಬದಲಿ ಕೆಲಸಗಾರರಾಗಿ ಮಿಲ್ಲಿಗೆ ಸೇರಿದವರು. ನೂಲುವ ಖಾತೆ. ಮಿಲ್ಲು ಮುಚ್ಚಿದ ಮೇಲೆ ಮಿರ್ಚಿ ಬಂಡಿ, ಆಮೇಲೆ ಆಟೊ, ಈಗ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ವಾಚ್‌ಮನ್. ಅವರು ಮಾತು ಶುರು ಮಾಡಿದ ಕೂಡಲೇ ರೆಕಾರ್ಡರ್‌ನ ಮುಳ್ಳು ಕೆಂಪಿಗೆ ಹೋಯಿತು. ಅಷ್ಟು ಜೋರು ದನಿ. ಸ್ವಲ್ಪ ಮೆಲ್ಲಗೆ ಮಾತಾಡಿ ಅಜ್ಜಾರೆ ಅಂದೆ. "ಮೆಲ್ಲಗೆ ಮಾತಾಡೋದು ಮಿಲ್ಲಿನಾಗೆ ಮರ್ತೋತು ತಂಗೀ. ಆ ಸದ್ದಿನಾಗೆ ಯಾರಿಗೆ ಕೇಳ್ಬೇಕು? ಬಾಯಿ ಅಲ್ಲಾಡೋದು ನೋಡೇ ಮಾತು ತಿಳ್ಕೋತಿದ್ವಿ" ಅಂದರು. ನಾನು ದನಿ ತಗ್ಗಿಸಲು ಮತ್ತೆ ಹೇಳಲಿಲ್ಲ. ಮೈಕನ್ನೇ ಇನ್ನೊಂದು ಗೇಣು ಹಿಂದಕ್ಕೆ ಸರಿಸಿದೆ.

ದಾರ ಕಡಿದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. "ಜೋಡಸೋದು" ಅಂದರು. ಹೇಗೆ? ಅವರು ಸುಮ್ಮನಾದರು. ಬಲಗೈ ಬೆರಳು ತಾನಾಗಿ ಮೇಲಕ್ಕೆ ಬಂತು. ಮಾತು ಸಿಗಲಿಲ್ಲ ಅಂತ ಕಾಣುತ್ತದೆ, ಪಂಚೆಯ ಅಂಚಿನಿಂದ ಒಂದು ಎಳೆ ಎಳೆದರು. ಎಡಗೈಯಲ್ಲಿ ಇಲ್ಲದ ಬಾಬಿನ್ ಹಿಡಿದು ನಿಲ್ಲಿಸಿದರು, ದಾರದ ತುದಿ ಹುಡುಕಿದರು, ಅದನ್ನು ಮೇಲಕ್ಕೆ ತಂದು, ರೋಲರ್‌ನಿಂದ ಇಳಿದು ಬರುವ ಹತ್ತಿಯ ಎಳೆಗೆ ತಾಗಿಸಿ ಬಿಟ್ಟರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಸಣ್ಣ ತಿರುವು, ಅಷ್ಟೆ. ಆಮೇಲೆ ಅಂದರು: "ಗಂಟು ಹಾಕಂಗಿಲ್ಲ. ಗಂಟು ಹಾಕಿದ್ರೆ ಮುಂದೆ ಬಟ್ಟ್ಯಾಗೆ ಕಾಣ್ತೈತಿ. ತಿರುವಿನಾಗೆ ಅದೇ ಕೂಡ್ಕೋತೈತಿ." ಮಿಲ್ಲು ಬಿಟ್ಟು ಎಷ್ಟೋ ವರ್ಷವಾದ ಕೈ, ಆ ಕೆಲಸವನ್ನು ಒಂದು ಚೂರೂ ಮರೆತಿರಲಿಲ್ಲ.

ಇಪ್ಪತ್ತೆರಡು ಸೆಕೆಂಡ್ ಬರೀ ಮೌನ. ಪಂಚೆಯ ಸರಬರ ಬಿಟ್ಟರೆ ಏನೂ ಇಲ್ಲ. ಕೇಳುವವರು ನಿಂತುಹೋಯಿತು ಅಂದುಕೊಳ್ಳುತ್ತಾರೆ, ಕತ್ತರಿಸಿ ಅಂತ ಗೆಳೆಯರು ಹೇಳಿದರು. ನಾನು ಕತ್ತರಿಸಲಿಲ್ಲ. ಹರಿಹರದಿಂದ ಒಬ್ಬರು ಫೋನ್ ಮಾಡಿದರು. ಅವರ ತಂದೆ ಅಲ್ಲಿನ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಕೆಲಸದಲ್ಲಿದ್ದವರಂತೆ. "ಆ ಮೌನ ಬಂದಾಗ ನಮ್ಮಪ್ಪ ರೇಡಿಯೊ ಹತ್ರ ಕೂತಂಗೆ ಫೋನ್ ಹತ್ರ ಬಗ್ಗಿ ಕೂತ್ರು ಮೇಡಂ" ಅಂದರು. ಅವರೂ ಕೈಯಲ್ಲಿ ದುಡಿದವರು, ಅವರಿಗೆ ಅದು ಕೇಳಿಸಿತು.

ಈಗ ಪಾಡ್‌ಕಾಸ್ಟ್‌ಗಳು ಬಹಳ ಆಗಿವೆ. ಒಳ್ಳೆಯದೇ. ಕನ್ನಡದಲ್ಲೂ ಗಂಟೆಗಟ್ಟಲೆ ಮಾತಾಡುವ, ಕೇಳುವ ಜನ ಹುಟ್ಟಿಕೊಂಡಿದ್ದು ನನಗೆ ನಿಜವಾಗಿ ಖುಷಿ. ಆದರೆ ಬಂದವರನ್ನು ಕೂರಿಸಿ "ನಿಮ್ಮ ಯಶಸ್ಸಿನ ಗುಟ್ಟೇನು" ಅಂತ ಶುರು ಮಾಡಿದರೆ ಅವರು ಮೊದಲೇ ತಯಾರು ಮಾಡಿಕೊಂಡ ಮಾತನ್ನೇ ಹೇಳುತ್ತಾರೆ. ಒಂದು ನಿಮಿಷದ ತುಣುಕಿಗೆ ಅದು ಚೆನ್ನಾಗಿ ಹೊಂದುತ್ತದೆ. ಆಟೊ ಓಡಿಸಿದ ಕಾಲ, ಸಾಲ ಮಾಡಿದ ಕಾಲ, ಏನೂ ಮಾಡದೆ ಮನೆಯಲ್ಲಿ ಕೂತ ಎರಡು ವರ್ಷ, ಇವೆಲ್ಲ ಅಲ್ಲಿ ಬರುವುದಿಲ್ಲ. ನನಗೆ ಬೇಕಾದದ್ದು ಆ ಎರಡು ವರ್ಷವೇ.

ಒಂದು ನೋವಿನ ಸಂಗತಿಯನ್ನೂ ಇಲ್ಲಿ ಬರೆಯಬೇಕು. ಎರಡನೇ ವರ್ಷದಲ್ಲಿ ಒಂದು ಶನಿವಾರ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದ ಒಬ್ಬ ಹಿರಿಯ ಕಲಾವಿದೆ ಬಂದಿದ್ದರು. ನಮ್ಮ ಊರಿಗೆ ನಾಟಕ ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. 1988ರಲ್ಲಿ ಅವರಿಗೆ ಪದ್ಮಶ್ರೀ ಬಂದಿತ್ತು. ಅವತ್ತು ಬಂದ ತಾಯಿಗೆ ಯಾವ ಪ್ರಶಸ್ತಿಯೂ ಇರಲಿಲ್ಲ. ಕ್ಯಾಂಪಿನಿಂದ ಕ್ಯಾಂಪಿಗೆ ಲಾರಿಯಲ್ಲಿ ಪರದೆಗಳ ಮೇಲೆ ಮಲಗಿ ಹೋಗಿದ್ದು, ಜ್ವರದಲ್ಲಿ ರಾಣಿಯ ಪಾತ್ರ ಮಾಡಿದ್ದು, ಕೊನೆಗೆ ಹೊಲಿಗೆ ಮೆಷಿನ್ ಕೊಂಡಿದ್ದು ಎಲ್ಲ ಹೇಳಿದರು. ಕೊನೆಗೆ ಕೂತಲ್ಲೇ ಒಂದು ರಂಗಗೀತೆ ಹಾಡಿದರು. ಅವತ್ತು ಟೇಪ್ ರೆಕಾರ್ಡರ್ ನನ್ನ ಕೈಯಲ್ಲಿತ್ತು. ಪ್ಲೇ, ರೆಕಾರ್ಡ್ ಎರಡೂ ಗುಂಡಿ ಒಟ್ಟಿಗೆ ಒತ್ತಬೇಕು. ನಾನು ಪ್ಲೇ ಮಾತ್ರ ಒತ್ತಿದ್ದೆ. ಟೇಪು ತಿರುಗುತ್ತಲೇ ಇತ್ತು, ಒಂದು ಮಾತೂ ಕೂತಿರಲಿಲ್ಲ.

ಸೋಮವಾರ ಮೇಷ್ಟ್ರಿಗೆ ಹೇಳುವಾಗ ಅತ್ತುಬಿಟ್ಟೆ. ಅವರು ಬೈಯಲಿಲ್ಲ. ಒಂದು ನೋಟ್‌ಬುಕ್ ಕೊಟ್ಟು, "ನೆನಪಿರೋದೆಲ್ಲ ಈಗಲೇ ಬರಿ. ಅವರು ಹೇಳಿದ ಹಾಗೇ ಬರಿ, ನಿನ್ನ ಕನ್ನಡ ಸೇರಿಸಬೇಡ" ಅಂದರು. ಹದಿನಾಲ್ಕು ಪುಟ ಆಯಿತು. ಆ ನೋಟ್‌ಬುಕ್ ನನ್ನ ಹತ್ತಿರ ಈಗಲೂ ಇದೆ. ಹಾಡು ಮಾತ್ರ ಹೋಯಿತು. ಈಗಲೂ ರೆಕಾರ್ಡಿಂಗ್ ಶುರುವಾದ ಮೇಲೆ ಎರಡು ಸಲ ಕೆಂಪು ದೀಪ ನೋಡುತ್ತೇನೆ. ಎರಡು ಯಂತ್ರದಲ್ಲಿ ಒಟ್ಟಿಗೆ ರೆಕಾರ್ಡ್ ಮಾಡುತ್ತೇನೆ.

ಹೋದ ವರ್ಷ ಮೇಷ್ಟ್ರು ಮನೆಗೆ ಕರೆದು ಒಂದು ಬಿಸ್ಕತ್ ಡಬ್ಬಿ ಕೊಟ್ಟರು. ಒಳಗೆ ಹನ್ನೊಂದು ಕ್ಯಾಸೆಟ್. ಉಳಿದವು ಮಳೆಗೆ ನೆನೆದು ಬೂಸ್ಟು ಹಿಡಿದಿದ್ದವಂತೆ. ಇವನ್ನು ಕಂಪ್ಯೂಟರ್‌ಗೆ ಇಳಿಸಲು ಒಂದು ತಿಂಗಳು ಹಿಡಿಯಿತು. ಕ್ಯಾಸೆಟ್‌ಗೆ ಅವಸರ ಇಲ್ಲ. ಒಂದು ಗಂಟೆಯ ಮಾತು ಇಳಿಯಲು ಒಂದು ಗಂಟೆಯೇ ಬೇಕು. ಟೇಪ್ ಹೆಡ್ಡನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಸಡಿಲ ಬಿದ್ದ ಟೇಪನ್ನು ಪೆನ್ಸಿಲಿನಿಂದ ಸುತ್ತಿ, ಪಕ್ಕದಲ್ಲಿ ಕೂತು ಪೂರ್ತಿ ಕೇಳಿದೆ. ಹಿಂದೆ ಎಲ್ಲೋ ಕಾಲೇಜಿನ ಗಂಟೆ, ರೈಲಿನ ಕೂಗು, ನನ್ನದೇ ಹದಿನೆಂಟು ವರ್ಷದ ದನಿ.

ಅಮೆರಿಕದಲ್ಲಿ ಸ್ಟೋರಿಕೋರ್ ಎಂಬ ಸಂಸ್ಥೆ 2003ರಲ್ಲಿ ನ್ಯೂಯಾರ್ಕಿನ ದೊಡ್ಡ ರೈಲು ನಿಲ್ದಾಣದಲ್ಲಿ ಒಂದು ಗೂಡು ಹಾಕಿ ಸಾಮಾನ್ಯ ಜನರ ಮಾತು ರೆಕಾರ್ಡ್ ಮಾಡಲು ಶುರು ಮಾಡಿತು. ಇಬ್ಬರು ಎದುರುಬದುರು ಕೂತು 40 ನಿಮಿಷ ಮಾತಾಡುತ್ತಾರೆ. ಆ ಸಂಗ್ರಹ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ನಮ್ಮ ಹನ್ನೊಂದು ಕ್ಯಾಸೆಟ್ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇರಲಿ ಅಂತ ಪ್ರಾಂಶುಪಾಲರನ್ನು ಕೇಳಿದೆ. ಒಪ್ಪಿದ್ದಾರೆ. ಹತ್ತಕ್ಕೆ ಹೆಸರು, ತಾರೀಕು ಬರೆದು ಕೊಟ್ಟಿದ್ದೇನೆ.

ಹನ್ನೊಂದನೆಯದಕ್ಕೆ ಹೆಸರಿಲ್ಲ. ಮೇಲೆ ಬರೀ "ಮಂಡಕ್ಕಿ ಭಟ್ಟಿ, ಶನಿವಾರ" ಅಂತ ಇದೆ. ಮೇಷ್ಟ್ರಿಗೂ ನೆನಪಿಲ್ಲ. ಭಟ್ಟಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಭತ್ತ ನೆನೆಸಿ, ಹುರಿದು, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಕಲಸಿ ಕಾದ ಮರಳಿಗೆ ಹಾಕುವ ತನಕ ಒಂದೊಂದಾಗಿ ಹೇಳುತ್ತಾರೆ. ಮರಳು ಕಾದದ್ದು ಹೇಗೆ ಗೊತ್ತಾಗುತ್ತದೆ ಅಂತ ಯಾರೋ ಹುಡುಗ ಕೇಳುತ್ತಾನೆ. "ಮಕಕ್ಕೆ ಗೊತ್ತಾಗ್ತೈತಪ್ಪ, ಝಳ ಬಡೀತೈತಲ್ಲ" ಅನ್ನುತ್ತಾರೆ. ಮೌನ. ಮೇಷ್ಟ್ರ "ಆಮೇಲೆ?" ಕೇಳಿಸುತ್ತದೆ. ಆಗ ಅವರು ತಾವು ಮೊದಲು ಹೊಲದ ಕೂಲಿಗೆ ಹೋಗುತ್ತಿದ್ದದ್ದು, ಗಂಡ ತೀರಿಕೊಂಡ ಮೇಲೆ ಊರು ಬಿಟ್ಟು ಬಂದದ್ದು, ರಾತ್ರಿ ಶಾಲೆಯಲ್ಲಿ ಸಹಿ ಹಾಕಲು ಕಲಿತದ್ದು ಹೇಳುತ್ತಾರೆ. ಕೊನೆಯಲ್ಲಿ ಟೇಪು ಮುಗಿಯುವ ಮೊದಲು, "ನನ್ ಮಾತು ಅದ್ರಾಗೆ ಕುಂತೈತೇನ್ರಿ? ಒಂದೀಟು ಕೇಳಸ್ರಿ" ಅನ್ನುತ್ತಾರೆ. ಅಲ್ಲಿಗೆ ಟಕ್.

1998ರಿಂದ 2001ರ ನಡುವೆ ಆ ಕೋಣೆಯಲ್ಲಿ ಕೂತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಹೆಣ್ಣುಮಗಳ ಹೆಸರು ನೆನಪಿದ್ದರೆ, ದಯವಿಟ್ಟು ಕಾಲೇಜು ಕಚೇರಿಗೆ ತಿಳಿಸಿ. ಅವರ ಎಡ ಮಣಿಕಟ್ಟಿನ ಮೇಲೆ ಸುಟ್ಟ ಕಲೆ ಇತ್ತು. ಹಸಿರು ಸೀರೆ ಉಟ್ಟಿದ್ದರು. ಮಗಳು ಆಗ ಹೈಸ್ಕೂಲಿನಲ್ಲಿ ಓದುತ್ತಿದ್ದಳು.