ಜೊಂಜುವಿನಲ್ಲಿ ಕಾಗದ ಎತ್ತಿದ್ದು, ಕಸ ಆರಿಸಿದ್ದು

ಕೊರಿಯಾದಲ್ಲಿ ‘ಹಾಂಜಿ ಅನುಭವ’ ಎಂದು ಬೋರ್ಡು ಹಾಕಿದ ಕಡೆಯೆಲ್ಲ ಕಾಗದ ಮಾಡಲು ಬಿಡುತ್ತಾರೆ ಅಂದುಕೊಳ್ಳಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಹಾಂಜಿ ಅಂದರೆ ಅಲ್ಲಿನ ಕೈಕಾಗದ. ಅದನ್ನು ಮಾಡುವುದು ನೋಡಬೇಕು, ನಾನೂ ಕೈ ಹಾಕಬೇಕು ಅಂತ ಆಸೆಪಟ್ಟು ಆನ್‌ಲೈನಲ್ಲಿ ಮುಂಗಡ ದುಡ್ಡು ಕಟ್ಟಿದ್ದೆವು. ಫೋಟೊದಲ್ಲಿ ತೊಟ್ಟಿ, ನೀರು, ಬಿದಿರಿನ ಚಾಪೆ ಎಲ್ಲಾ ಇತ್ತು. ಹೋಗಿ ನೋಡಿದರೆ ಮೇಜಿನ ಮೇಲೆ ರೆಡಿ ಮಾಡಿಟ್ಟ ರಟ್ಟಿನ ಡಬ್ಬಿ, ಬಣ್ಣದ ಕಾಗದದ ಚೂರು, ಒಂದು ಬಟ್ಟಲು ಅಂಟು. ಅಂಟಿಸಿ, ಫೋಟೊ ತೆಗೆಸಿಕೊಂಡು, ಹೊರಡಿ. ತೊಟ್ಟಿ ಎಲ್ಲಿ ಅಂತ ಕೇಳಿದರೆ ಇವತ್ತು ಇಲ್ಲ ಅಂದರು. ದುಡ್ಡು ವಾಪಸ್ ಕೇಳಿದರೆ ಅದೂ ಇಲ್ಲ. ಮಕ್ಕಳಿಗೆ ಡಬ್ಬಿ ಅಂಟಿಸುವುದು ಖುಷಿಯೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಕಾಗದ ತಯಾರಿಕೆ ಅಂತ ಹೇಳಿ ದುಡ್ಡು ತೆಗೆದುಕೊಳ್ಳಬಾರದು. ನೀವು ಹೋಗುವುದಾದರೆ ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: ತೊಟ್ಟಿಯಲ್ಲಿ ಕೈ ಅದ್ದಲು ಬಿಡುತ್ತೀರಾ?

ನನ್ನ ತಮ್ಮ ರಾಜಧಾನಿ ಸೋಲ್ ಹತ್ತಿರದ ಸುವೋನ್‌ನಲ್ಲಿ ಕೆಲಸದಲ್ಲಿದ್ದಾನೆ. ಕೊರಿಯನ್ ಚೆನ್ನಾಗಿ ಮಾತಾಡುತ್ತಾನೆ. ಜನವರಿಯ ಚಳಿಯಲ್ಲಿ ಹೋಗಿದ್ದೆ. ಸೋಲ್‌ನಲ್ಲಿ ಕಳೆದ ದಿನಗಳ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಅರಮನೆಗಳು ಚೆನ್ನಾಗಿವೆ, ಮೆಟ್ರೊ ಚೆನ್ನಾಗಿದೆ. ಹಾನ್‌ಬೊಕ್, ಅಂದರೆ ಅಲ್ಲಿನ ಸಾಂಪ್ರದಾಯಿಕ ಉಡುಗೆ, ಉಟ್ಟು ಬಂದವರಿಗೆ ಗ್ಯೋಂಗ್‌ಬೊಕ್‌ಗುಂಗ್ ಅರಮನೆಗೆ ಟಿಕೆಟ್ ಬೇಕಿಲ್ಲ, ಅದಕ್ಕೇ ಅರಮನೆಯ ಸುತ್ತ ಹಾನ್‌ಬೊಕ್ ಬಾಡಿಗೆ ಅಂಗಡಿಗಳ ಸಾಲೇ ಇದೆ. ಮಿಣಮಿಣ ಹೊಳೆಯುವ ಆ ಬಾಡಿಗೆ ಬಟ್ಟೆಗಳು ನನಗೆ ಹಿಡಿಸಲಿಲ್ಲ. ಮ್ಯೂಸಿಯಮ್ಮಿನಲ್ಲಿ ನೋಡಿದ ಹಳೆಯ ಹಾನ್‌ಬೊಕ್‌ಗಳಲ್ಲಿ ಇದ್ದ ಆ ಮೆತ್ತನೆಯ ಬಿಳಿ, ಆ ಸಣ್ಣ ಹೊಲಿಗೆ ಇವುಗಳಲ್ಲಿ ಇರಲಿಲ್ಲ.

ಹಾಂಜಿಗೆ ಹೆಸರಾದ ಜೊಂಜು ಊರಿಗೆ ಸೋಲ್‌ನ ಯೋಂಗ್ಸಾನ್ ಸ್ಟೇಷನ್ನಿನಿಂದ ಕೆಟಿಎಕ್ಸ್ ಎಂಬ ವೇಗದ ರೈಲಿದೆ, ಎರಡು ಗಂಟೆಯೊಳಗೆ ತಲುಪಿಸುತ್ತದೆ. ಶನಿವಾರ, ಭಾನುವಾರ ಸೀಟು ಬೇಗ ಮುಗಿದುಹೋಗುತ್ತದೆ, ವಾರದ ನಡುವೆ ಹೋಗಿ. ಸೋಮವಾರ ಮಾತ್ರ ಬೇಡ, ಅವತ್ತು ಸುಮಾರು ಮ್ಯೂಸಿಯಮ್ಮುಗಳು ಬಾಗಿಲು ಹಾಕಿರುತ್ತವೆ. ಊರಿನ ನಡುವೆ ಹನೋಕ್ ಹಳ್ಳಿ, ಅಂದರೆ ಕಪ್ಪು ಹೆಂಚಿನ ಹಳೇ ಕಾಲದ ಮನೆಗಳು 700ಕ್ಕೂ ಹೆಚ್ಚು ಒತ್ತೊತ್ತಾಗಿ ಇರುವ ಬಡಾವಣೆ. ಜೊಂಜುವಿನ ಬಿಬಿಂಬಾಪ್, ಅಂದರೆ ಅನ್ನದ ಮೇಲೆ ತರಕಾರಿ, ಮಾಂಸ ಇಟ್ಟು ಕಲಸಿ ತಿನ್ನುವ ಊಟ, ಎಲ್ಲರೂ ಹೊಗಳುತ್ತಾರೆ. ನಮ್ಮಂಥ ಸಸ್ಯಾಹಾರಿಗಳು ಸ್ವಲ್ಪ ಎಚ್ಚರದಿಂದ ಇರಬೇಕು, ಮೇಲೆ ಹಾಕುವ ಮಾಂಸ ಬೇಡ ಅಂದರೆ ತೆಗೆಯುತ್ತಾರೆ, ಆದರೆ ಅನ್ನವನ್ನೇ ಮೂಳೆ ಸಾರಿನಲ್ಲಿ ಬೇಯಿಸುವ ಕಡೆ ಏನು ಮಾಡುವುದು?

ಡಬ್ಬಿ ಅಂಟಿಸಿದ ಸಿಟ್ಟಿನಲ್ಲಿ ನಾನು ಸುಮ್ನೆ ಕೂತಿದ್ದು ನೋಡಿ ತಮ್ಮ ಅಲ್ಲಿ ಇಲ್ಲಿ ಫೋನ್ ಮಾಡಿ ವಿಚಾರಿಸಿದ. “ಅಕ್ಕ, ನಾಳೆ ಬೆಳಿಗ್ಗೆ ಬೇಗ ಏಳು. ಊರ ಹೊರಗೆ ಒಂದು ಮನೆಯಲ್ಲಿ ನಿಜವಾಗಿ ಮಾಡ್ತಾರಂತೆ” ಅಂದ. ಜೊಂಜುವಿನ ಸುತ್ತ ವಾಂಜು ಅಂತ ಜಿಲ್ಲೆ ಇದೆ. ಅಲ್ಲಿನ ಬೆಟ್ಟದ ಬುಡದಲ್ಲಿ, ತೊರೆ ಪಕ್ಕ, ತಗಡಿನ ಚಾವಣಿಯ ಒಂದು ಶೆಡ್ಡು. ಬೋರ್ಡೂ ಇಲ್ಲ, ಫೋಟೊ ತೆಗೆಸಿಕೊಳ್ಳುವ ಜಾಗವೂ ಇಲ್ಲ. ಒಳಗೆ ಹಬೆ, ಒದ್ದೆ ನೆಲ, ಬೆಂದ ತೊಗಟೆಯ ವಾಸನೆ.

ಅಲ್ಲಿ ಯಜಮಾನರು ಕಾಗದ ಎತ್ತುತ್ತಿದ್ದರು. ಸಣ್ಣ ಬಿದಿರಿನ ಕಡ್ಡಿಗಳನ್ನು ದಾರದಲ್ಲಿ ಹೆಣೆದ ಚಾಪೆ, ಅದಕ್ಕೊಂದು ಮರದ ಚೌಕಟ್ಟು. ಆ ಚೌಕಟ್ಟು ಮೇಲಿನ ತೊಲೆಯಿಂದ ಒಂದೇ ಒಂದು ಹಗ್ಗದಲ್ಲಿ ತೂಗುತ್ತಿರುತ್ತದೆ. ಮುಂದಿನ ತುದಿಯನ್ನು ತೊಟ್ಟಿಗೆ ಅದ್ದಿ ನೀರು ಮೊಗೆದು ಹಿಂದಕ್ಕೆ ಚೆಲ್ಲುತ್ತಾರೆ, ಆಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೊಗೆದು ಆಡಿಸುತ್ತಾರೆ. ನಾರು ಉದ್ದಕ್ಕೂ ಅಡ್ಡಕ್ಕೂ ಕೂತುಕೊಳ್ಳುವುದು ಹೀಗೆ. ಅಂಥ ಎರಡು ತೆಳು ಪದರಗಳನ್ನು ಒಂದರ ಮೇಲೊಂದು ತಿರುಗಿಸಿ ಹಾಕಿದರೆ ಒಂದು ಹಾಳೆ. ಹಾಂಜಿ ಯಾವ ಕಡೆಗೆ ಎಳೆದರೂ ಸುಲಭಕ್ಕೆ ಹರಿಯದೇ ಇರುವುದಕ್ಕೆ ಇದೇ ಕಾರಣ. ಎರಡು ಹಾಳೆಗಳ ನಡುವೆ ತುದಿಯಲ್ಲಿ ಒಂದು ದಾರ ಇಡುತ್ತಾರೆ, ಆಮೇಲೆ ಬಿಡಿಸಲು ಬೇಕಲ್ಲ.

ಯಜಮಾನರು ನನ್ನ ಕೈ ಮೇಲೆ ಕೈ ಇಟ್ಟು ಎತ್ತಿಸಿದರು. ನೀರು ಚಾಪೆಯ ಮೇಲೆ ಹರಿದು ಹೋದ ಮೇಲೆ ಉಳಿಯುವ ಆ ತೆಳು ಕೆನೆ ಇದೆಯಲ್ಲ, ಅದು ಕಾಗದ ಅಂತ ಮೊದಲ ಸಲ ಗೊತ್ತಾದಾಗ ಗಂಟಲು ಕಟ್ಟಿತು. ತೊಟ್ಟಿಯ ನೀರು ಬರೀ ನೀರಲ್ಲ, ಜಾರುವ ಲೋಳೆ. ಹ್ವಾಂಗ್‌ಚೊಕ್‌ಗ್ಯು ಅನ್ನುವ ಗಿಡದ ಬೇರು ಜಜ್ಜಿ ನೀರಲ್ಲಿ ನೆನೆಸಿ ತೆಗೆದದ್ದು. ಆ ಗಿಡ ನಮ್ಮ ಬೆಂಡೆಯ ಹತ್ತಿರದ ನೆಂಟ. ನಮ್ಮೂರ ಆಲೆಮನೆಯಲ್ಲಿ ಬೆಂಡೆಗಿಡ ಜಜ್ಜಿ, ಲೋಳೆ ಹಿಂಡಿ ಕೊಪ್ಪರಿಗೆಗೆ ಹಾಕುತ್ತಾರೆ, ಕಬ್ಬಿನ ಹಾಲಿನ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಕೈ ಅದ್ದಿದ ಕೂಡಲೇ ಅದೇ ಜಾರು, ಅದೇ ಹಸಿ ವಾಸನೆ. ಇಲ್ಲಿ ಲೋಳೆಯ ಕೆಲಸ ಬೇರೆ: ಉದ್ದ ನಾರುಗಳು ಗಂಟುಕಟ್ಟದೆ, ತಳ ಸೇರದೆ ನೀರಲ್ಲಿ ತೇಲುತ್ತಿರಬೇಕು, ನೀರು ಚಾಪೆಯಿಂದ ನಿಧಾನ ಇಳಿಯಬೇಕು. ಸೆಕೆಯಲ್ಲಿ ಈ ಲೋಳೆ ಬೇಗ ನೀರಾಗಿಬಿಡುತ್ತದೆ. ಅದಕ್ಕೇ ಒಳ್ಳೆಯ ಕಾಗದ ಚಳಿಗಾಲದ್ದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ತೊಟ್ಟಿಯಲ್ಲ. ಶೆಡ್ಡಿನ ಮೂಲೆಯಲ್ಲಿ ಯಜಮಾನರ ಹೆಂಡತಿ ಗಿಡ್ಡ ಮಣೆಯ ಮೇಲೆ ಕೂತು ಬೇಸಿನ್ನಿನ ನೀರಿನಲ್ಲಿ ತೊಗಟೆ ಆರಿಸುತ್ತಿದ್ದರು. ಕೂದಲೆಲ್ಲ ಬೆಳ್ಳಗಾದ ಹೆಂಗಸು, ಕೈಗೆ ರಬ್ಬರ್ ಗ್ಲೌಸು. ಇದು ದಾಕ್ ಮರದ ತೊಗಟೆ. ರೇಷ್ಮೆ ಹುಳಕ್ಕೆ ಹಾಕುವ ನಮ್ಮ ಹಿಪ್ಪುನೇರಳೆಯ ಕುಟುಂಬದ್ದೇ. ಒಂದು ವರ್ಷದ ರೆಂಬೆಗಳನ್ನು ಚಳಿಗಾಲದಲ್ಲಿ ಕಡಿದು, ಹಬೆಯಲ್ಲಿ ಬೇಯಿಸಿ ಸುಲಿಯುತ್ತಾರೆ. ಮೇಲಿನ ಕಪ್ಪು ಸಿಪ್ಪೆ ಕೆರೆದು ತೆಗೆದು ಒಳಗಿನ ಬಿಳಿ ನಾರನ್ನು ಬೂದಿನೀರಿನಲ್ಲಿ ಕುದಿಸುತ್ತಾರೆ. ಭತ್ತದ ಹುಲ್ಲು, ಸೋಯಾ ಕಡ್ಡಿ, ಮೆಣಸಿನ ಗಿಡದ ಕಡ್ಡಿ ಸುಟ್ಟ ಬೂದಿ. ಆಮೇಲೆ ತೊರೆಯಲ್ಲಿ ತೊಳೆದು ಬಿಸಿಲಿಗೆ ಹರವುತ್ತಾರೆ. ಇಷ್ಟಾದ ಮೇಲೂ ನಾರಿನಲ್ಲಿ ಕಪ್ಪು ಚುಕ್ಕೆ, ಸಿಪ್ಪೆಯ ಚೂರು, ಗಂಟು ಉಳಿದೇ ಇರುತ್ತವೆ. ಅವನ್ನು ಕೈಯಲ್ಲೇ ಆರಿಸಬೇಕು. ಅದಾದ ಮೇಲೆ ಕಲ್ಲಿನ ಮೇಲೆ ಹಾಕಿ ಕೊಡತಿಯಲ್ಲಿ ಬಡಿಯುವುದು, ಆಮೇಲೇ ತೊಟ್ಟಿ.

“ನಾನೂ ಕೂರಲಾ ಅಂತ ಕೇಳೋ” ಅಂದೆ ತಮ್ಮನಿಗೆ. ಅವರು ನನ್ನ ಮುಖ ನೋಡಿ ಇನ್ನೊಂದು ಮಣೆ ಎಳೆದರು. ಗ್ಲೌಸು ಬೇಡ ಅಂದೆ. ನೀರು ಕೊರೆಯುತ್ತಿತ್ತು. ಒದ್ದೆ ನಾರಿನ ಎಳೆಯನ್ನು ಹರವಿ ಬೆಳಕಿಗೆ ಹಿಡಿದರೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ಕಾಣುತ್ತದೆ. ಉಗುರಿನಲ್ಲಿ ಎಬ್ಬಿಸಿ ತೆಗೆದರೆ ಅದರ ಪಕ್ಕದಲ್ಲೇ ಇನ್ನೊಂದು. ನಾನು ಒಂದು ಎಳೆ ಮುಗಿಸುವಷ್ಟರಲ್ಲಿ ಅವರ ಪಕ್ಕದಲ್ಲಿ ಒಂದು ಹಿಡಿ ಬಿದ್ದಿರುತ್ತಿತ್ತು, ಮತ್ತೆ ಅವರು ಕೈ ನೋಡುತ್ತಲೂ ಇರಲಿಲ್ಲ, ನನ್ನ ಜೊತೆ ಮಾತಾಡುತ್ತಿದ್ದರು.

ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಇದೇ ಕೆಲಸವಂತೆ. ಆಗ ಊರಿನ ಸುಮಾರು ಮನೆಗಳಲ್ಲಿ ಕಾಗದ ಮಾಡುತ್ತಿದ್ದರು. ಗಂಡಸರು ಎತ್ತುವುದು, ಹೆಂಗಸರು ಸುಲಿಯುವುದು, ಆರಿಸುವುದು, ಒಣಗಿಸುವುದು. ಯಾರು ಕೊಳ್ಳುತ್ತಿದ್ದರು ಅಂತ ಕೇಳಿದೆ. “ಬಾಗಿಲಿಗೆ ಕಾಗದ ಬೇಡವಾ?” ಅಂದರು. ಹನೋಕ್ ಮನೆಗಳ ಬಾಗಿಲು ಕಿಟಕಿಗೆ ಗಾಜಿರಲಿಲ್ಲ, ಮರದ ಚೌಕಟ್ಟಿಗೆ ಹಾಂಜಿಯನ್ನೇ ಅಂಟಿಸುತ್ತಿದ್ದರು. ನೆಲಕ್ಕೂ ಎಣ್ಣೆ ಹಚ್ಚಿದ ದಪ್ಪ ಹಾಂಜಿ. ಚಳಿ ಶುರುವಾಗುವ ಮುಂಚೆ ಹಳೆಯದನ್ನು ನೆನೆಸಿ ಕಿತ್ತು ಹೊಸದು ಹಾಕುವುದು ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಬಾಗಿಲ ಹಿಡಿಯ ಹತ್ತಿರ ಕಾಗದ ಬೇಗ ಹರಿಯುತ್ತದಲ್ಲ, ಅಲ್ಲಿ ಎರಡು ಪದರ ಹಾಕಿ ನಡುವೆ ಸೇವಂತಿಗೆ ಎಸಳೋ ಮೇಪಲ್ ಎಲೆಯೋ ಇಡುತ್ತಿದ್ದರು. ಇದನ್ನು ಹೇಳುವಾಗ ಅವರು ಕೆಲಸ ನಿಲ್ಲಿಸಿ, ಒದ್ದೆ ಬೆರಳಿನಲ್ಲಿ ಗಾಳಿಯಲ್ಲೇ ಬಾಗಿಲು ಬರೆದು, ಹೂವು ಇಡುವ ಜಾಗ ತೋರಿಸಿದರು. ಆಮೇಲೆ ಗಾಜು ಬಂತು, ನೆಲಕ್ಕೆ ಪ್ಲಾಸ್ಟಿಕ್ ಹಾಸು ಬಂತು, ಒಂದೊಂದೇ ಮನೆಯವರು ತೊಟ್ಟಿ ಮುಚ್ಚಿದರು.

“ಬಂದವರೆಲ್ಲ ಇವರು ಕಾಗದ ಎತ್ತುವ ಫೋಟೊ ತೆಗೆಯುತ್ತಾರೆ. ಇಲ್ಲಿ ಬಂದು ಕೂತವರು ಕಡಿಮೆ” ಅಂದರು. ಗಂಡನ ಮೇಲಿನ ದೂರಲ್ಲ ಅದು, ಆರಾಮವಾಗಿ ಹೇಳಿದ ಮಾತು. ಆದರೆ ತಮ್ಮ ಅದನ್ನು ಕನ್ನಡದಲ್ಲಿ ಹೇಳಿದಾಗ ನನಗೆ ಸಂಕಟವಾಯಿತು. ಒಂದು ಚುಕ್ಕೆ ಉಳಿದರೂ ಹಾಳೆಯಲ್ಲಿ ಎದ್ದು ಕಾಣುತ್ತದೆ. ಹಾಳೆ ಬೆಳ್ಳಗಿದೆ ಅಂತ ನಾವು ಹೊಗಳುವುದು ಈ ಹೆಂಗಸರ ಬೆರಳನ್ನೇ, ಅಲ್ವಾ?

ಆಮೇಲೆ ಅವರು ಕೇಳಿದರು, ನಿಮ್ಮ ಕಡೆ ಹಿಂದೆ ಯಾವುದರ ಮೇಲೆ ಬರೆಯುತ್ತಿದ್ದರು ಅಂತ. ತಾಳೆಗರಿ ಅಂದೆ, ಅದು ಗೊತ್ತಿತ್ತು ಅವರಿಗೆ. ಕಡತದ ಬಗ್ಗೆ ಹೇಳಿದೆ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು, ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು, ಲೆಕ್ಕಪತ್ರ ಅದರಲ್ಲೇ, ಶೃಂಗೇರಿ ಮಠದ ಹಳೇ ಕಡತಗಳು ಇವತ್ತಿಗೂ ಇವೆ ಅಂತ. ತಮ್ಮ ಇದನ್ನೆಲ್ಲ ಕೊರಿಯನ್ನಿಗೆ ತರಲು ಒದ್ದಾಡಿದ. ಹುಣಸೆ ಬೀಜ ಅವರಿಗೆ ಅರ್ಥವಾಗಲೇ ಇಲ್ಲ, ಫೋನಿನಲ್ಲಿ ಚಿತ್ರ ತೋರಿಸಬೇಕಾಯಿತು. ಒರೆಸುವ ಮಾತು ಮಾತ್ರ ತಟ್ಟನೆ ಹಿಡಿದರು. “ನಮ್ಮ ರಾಜರ ಕಾಲದಲ್ಲೂ ಬರೆದದ್ದನ್ನು ತೊಳೆಯುತ್ತಿದ್ದರು. ನಾಳೆ ಗ್ಯೋಂಗಿಜೊನ್‌ಗೆ ಹೋಗಿ ನೋಡಿ” ಅಂದರು. ಮಧ್ಯಾಹ್ನ ಅವರ ಜೊತೆಯೇ ಊಟ ಮಾಡಿದೆವು. ಅನ್ನ, ಯಾವುದೋ ಕಾಡುಸೊಪ್ಪಿನ ಪಲ್ಯ, ಎಳ್ಳೆಣ್ಣೆ. ಇಡೀ ಪ್ರವಾಸದಲ್ಲಿ ನನಗೆ ಸೇರಿದ ಊಟ ಅದು. ನಾನು ಎತ್ತಿದ ಹಾಳೆಯನ್ನು ಬಿಸಿ ತಗಡಿನ ಮೇಲೆ ಬ್ರಷ್ಷಿನಲ್ಲಿ ಸವರಿ ಒಣಗಿಸಿ ಕೊಟ್ಟರು. ರಟ್ಟಿನ ಕೊಳವೆ ಇಟ್ಟುಕೊಂಡಿದ್ದರೆ ಒಳ್ಳೆಯದು, ಮಡಿಸಿದರೆ ಗೆರೆ ಹೋಗುವುದಿಲ್ಲ.

ಗ್ಯೋಂಗಿಜೊನ್ ಇರುವುದು ಹನೋಕ್ ಹಳ್ಳಿಯಲ್ಲೇ. ಜೋಸನ್ ವಂಶದ ಮೊದಲ ರಾಜ ತೇಜೊನ ಭಾವಚಿತ್ರ ಇಡಲು 1410ರಲ್ಲಿ ಕಟ್ಟಿದ ಗುಡಿ. ಎಲ್ಲರೂ ಚಿತ್ರ ನೋಡಿ ಬಿದಿರಿನ ಮೆಳೆಯಲ್ಲಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಒಳಗೆ ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಉಗ್ರಾಣದಂಥ ಕಟ್ಟಡ ಒಂದಿದೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಜೋಸನ್ ರಾಜರ ದಿನಚರಿ ಇತಿಹಾಸವನ್ನು ನಾಲ್ಕು ಊರುಗಳಲ್ಲಿ ಒಂದೊಂದು ಪ್ರತಿ ಇಡುತ್ತಿದ್ದರು. 1592ರಲ್ಲಿ ಜಪಾನಿನ ದಂಡು ಬಂದಾಗ ಮೂರು ಊರಿನ ಪ್ರತಿಗಳು ಸುಟ್ಟುಹೋದವು. ಜೊಂಜುವಿನದು ಮಾತ್ರ ಉಳಿಯಿತು. ಆನ್ ಉಯಿ, ಸೊನ್ ಹೊಂಗ್‌ನೊಕ್ ಎಂಬ ಇಬ್ಬರು ಈ ಕಡೆಯ ಓದಿಕೊಂಡ ಹಿರಿಯರು ಪುಸ್ತಕಗಳನ್ನೂ ಭಾವಚಿತ್ರವನ್ನೂ ನೇಜಾಂಗ್‌ಸಾನ್ ಬೆಟ್ಟಕ್ಕೆ ಸಾಗಿಸಿ ಅಲ್ಲಿ ಕಾವಲು ಕಾದರು. ಇವತ್ತು ಆ ಇತಿಹಾಸ ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿಯಲ್ಲಿದೆ, 1997ರಿಂದ. ಇಲ್ಲಿರುವ ಕಟ್ಟಡ ಮತ್ತೆ ಕಟ್ಟಿದ್ದು, ಆದರೂ ಅದರ ಏಣಿ ಹತ್ತಿ ನಿಂತಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಹಾಳೆಗಳ ನಾರು ಆರಿಸಿದ ಹೆಂಗಸರೇ. ಅವರ ಹೆಸರು ಎಲ್ಲಿದೆ?

ತೊಳೆಯುವ ಕಥೆಯೂ ಅಲ್ಲೇ ಗೊತ್ತಾಯಿತು. ರಾಜ ಸತ್ತ ಮೇಲೆ ಅವನ ಕಾಲದ ಇತಿಹಾಸ ಬರೆಯುತ್ತಿದ್ದರು. ಬರವಣಿಗೆ ಮುಗಿದ ಮೇಲೆ ಮೂಲ ಟಿಪ್ಪಣಿಗಳು ಯಾರ ಕಣ್ಣಿಗೂ ಬೀಳಬಾರದು, ಬರೆದವನಿಗೆ ತೊಂದರೆಯಾಗಬಾರದು. ಹಾಗಂತ ಸುಡುತ್ತಿರಲಿಲ್ಲ. ಸೋಲ್‌ನ ಸೆಗೊಂಜೊಂಗ್ ಮಂಟಪದ ಹತ್ತಿರದ ತೊರೆಯಲ್ಲಿ ಶಾಯಿ ತೊಳೆದು, ಕಾಗದವನ್ನು ಅಲ್ಲೇ ಇದ್ದ ಸರ್ಕಾರಿ ಕಾಗದದ ಕಾರ್ಖಾನೆಗೆ ಕೊಟ್ಟು ಮತ್ತೆ ಹಾಳೆ ಮಾಡಿಸುತ್ತಿದ್ದರು. ನೀರಲ್ಲಿ ನೆನೆಸಿ ತಿಕ್ಕಿದರೂ ನಾರು ಕೆಡದ ಕಾಗದ ಇದ್ದದ್ದರಿಂದ ತಾನೇ ಇದೆಲ್ಲ ಸಾಧ್ಯವಾದದ್ದು?

ಸೋಲ್‌ಗೆ ವಾಪಸ್ ಬಂದ ಮೇಲೆ ಅಂಗಡಿ ಬೀದಿಗೆ ಹೋಗೋಣ ಅಂತಿದ್ದ ತಮ್ಮನನ್ನು ಸೆಗೊಂಜೊಂಗ್‌ಗೆ ಎಳೆದುಕೊಂಡು ಹೋದೆ. ಗ್ಯೋಂಗ್‌ಬೊಕ್‌ಗುಂಗ್ ಮೆಟ್ರೊ ಸ್ಟೇಷನ್ ಹತ್ತಿರದಿಂದಲೇ ಬಸ್ಸಿದೆ. ಮಂಟಪ ಸಣ್ಣದು, ಪಕ್ಕದಲ್ಲೇ ಗಿಜಿಗಿಡುವ ರಸ್ತೆ. ತೊರೆಯ ಅಗಲ ಬಂಡೆಗಳು ಹಾಗೇ ಇವೆ. ನೋಡಲು ದುಡ್ಡು ಕೊಡಬೇಕಾಗಿಲ್ಲ. ಅರಮನೆ ನೋಡುವ ದಿನ ಒಂದೆರಡು ಗಂಟೆ ಜಾಸ್ತಿ ಇಟ್ಟುಕೊಂಡು ಹೋಗಿ ಬನ್ನಿ, ಚಳಿಗಾಲವಾದರೆ ಬಂಡೆಯ ಮೇಲೆ ಮಂಜುಗಡ್ಡೆ ಕಟ್ಟಿರುತ್ತದೆ, ಒಳ್ಳೆಯ ಶೂ ಹಾಕಿಕೊಳ್ಳಿ.