ಒಂದೇ ಲೆನ್ಸ್ ತಗೊಳ್ಳೋದಾದರೆ ಯಾವುದು? ಮೊದಲು ಎಡಗಡೆಯ ನಂಬರ್ ನೋಡಿ

"ಅಣ್ಣಾರ, ಗುಡ್ಡಕ್ಕೂ ಆಗಬೇಕು, ಗುಡಿಗೂ ಆಗಬೇಕು, ಪರಊರಿಗೆ ಹೋದಾಗ ಮಂದಿ ಫೋಟೋಕ್ಕೂ ಆಗಬೇಕು. ಒಂದ ಲೆನ್ಸ್ ತಗೋಬೇಕಂದ್ರ ಯಾವ್ದು ತಗೊಳ್ಳಿ?"

ಹುಬ್ಬಳ್ಳಿ-ಧಾರವಾಡದಲ್ಲಿ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಓಡಾಡುವವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಹೊಸದಾಗಿ ಕ್ಯಾಮೆರಾ ಕೊಂಡ ಕಾಲೇಜು ಹುಡುಗರು ಕೇಳುತ್ತಾರೆ, ರಿಟೈರ್ ಆಗಿ ಊರೂರು ತಿರುಗಲು ಹೊರಟ ಮಾಸ್ತರರೂ ಕೇಳುತ್ತಾರೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆದಿಡುತ್ತೇನೆ.

ಅವಸರದವರಿಗೆ ಮೊದಲೇ ಉತ್ತರ. ನಿಮ್ಮದು ಎಪಿಎಸ್-ಸಿ, ಅಂದರೆ ಸಣ್ಣ ಸೆನ್ಸರಿನ (ಬೆಳಕು ಹಿಡಿಯುವ ಚಿಪ್ಪಿನ) ಕ್ಯಾಮೆರಾ ಆಗಿದ್ದರೆ 16 ಅಥವಾ 18 ಎಂಎಂನಿಂದ ಶುರುವಾಗಿ 135-140ರ ಆಸುಪಾಸು ಮುಗಿಯುವ ಜೂಮ್ ತಗೊಳ್ಳಿ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರ್ ಆಗಿದ್ದರೆ 24-105 ಅಥವಾ 24-120. ಯಾಕೆ ಅಂತ ತಿಳಿಯಬೇಕಾದವರು ಮುಂದೆ ಓದಿ.

ಅಂಗಡಿಯಲ್ಲಿ ಎಲ್ಲರೂ ಕೇಳುವುದು "ಎಷ್ಟು ದೂರ ಎಳೀತೈತ್ರೀ?" ಅಂತ. ಅಂದರೆ ಲೆನ್ಸ್ ಮೇಲೆ ಬರೆದ ಎರಡು ನಂಬರಿನಲ್ಲಿ ಬಲಗಡೆಯದು. 300 ಇದ್ದರೆ ಖುಷಿ, 400 ಇದ್ದರೆ ಇನ್ನೂ ಖುಷಿ. ನಾನು ನೋಡುವುದು ಎಡಗಡೆಯದು. ಅದು ಸಣ್ಣದಿದ್ದಷ್ಟೂ ಫೋಟೋ ವೈಡ್, ಅಂದರೆ ಅಗಲ ಜಾಸ್ತಿ ಹಿಡಿಯುತ್ತದೆ. ನಮ್ಮ ಭಾಗದಲ್ಲಿ ಓಡಾಡುವವರಿಗಂತೂ ಅದೇ ಮುಖ್ಯ.

ಲಕ್ಕುಂಡಿಯನ್ನೇ ತಗೊಳ್ಳಿ. ಗದಗದಿಂದ ಹತ್ತಿರದ ಊರು. ಅಲ್ಲಿನ ಮುಸುಕಿನ ಬಾವಿಗೆ ಇಳಿದು ಮೆಟ್ಟಿಲ ಮೇಲೆ ಅರ್ಧಕ್ಕೆ ನಿಂತರೆ ಸುತ್ತ ಕಲ್ಲಿನ ಮೆಟ್ಟಿಲು, ಗೋಡೆಯಲ್ಲಿ ಪುಟ್ಟ ಗುಡಿಯ ಆಕಾರದ ಗೂಡುಗಳು. ಎದುರಿನ ಗೋಡೆ ಪೂರ್ತಿ ಫ್ರೇಮಿನಲ್ಲಿ ಬರಲಿ ಅಂತ ಹಿಂದೆ ಸರಿಯಲು ನೋಡುತ್ತೀರಿ, ಬೆನ್ನಿಗೆ ಕಲ್ಲು ತಾಗುತ್ತದೆ. ಅಷ್ಟೇ, ಅಲ್ಲಿಗೆ ಮುಗಿಯಿತು. ಐದು ಮೀಟರ್ ದೂರದ ಗೋಡೆಯಲ್ಲಿ ಫುಲ್ ಫ್ರೇಮಿನ 24 ಎಂಎಂ ಲೆನ್ಸ್ 7.5 ಮೀಟರ್ ಅಗಲ ಹಿಡಿಯುತ್ತದೆ. 28 ಎಂಎಂ ಹಿಡಿಯುವುದು ಸುಮಾರು 6.4 ಮೀಟರ್. ನಾಲ್ಕೇ ನಾಲ್ಕು ಎಂಎಂ ವ್ಯತ್ಯಾಸಕ್ಕೆ ಒಂದು ಮೀಟರಿಗಿಂತ ಜಾಸ್ತಿ ಗೋಡೆ ಹೋಯಿತು. ಬಾವಿಯ ಎರಡೂ ಬದಿಯ ಗೂಡು ಕತ್ತರಿಸಿಹೋಗಲು ಅಷ್ಟು ಸಾಕು.

ಬಲಗಡೆ ಹೀಗಾಗುವುದಿಲ್ಲ. 140ರಲ್ಲಿ ತೆಗೆದ ಫೋಟೋವನ್ನು 200ರಲ್ಲಿ ತೆಗೆದಂತೆ ಕಾಣುವಷ್ಟು ಕತ್ತರಿಸಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಸುಮಾರು 12 ಉಳಿಯುತ್ತದೆ. 12x8 ಇಂಚಿನ ಪ್ರಿಂಟ್ ಹಾಕಿಸಲು ಅದು ಧಾರಾಳ. ದೂರದ್ದನ್ನು ಮನೆಗೆ ಬಂದು ಕತ್ತರಿಸಿ ಹತ್ತಿರ ಮಾಡಿಕೊಳ್ಳಬಹುದು. ಫ್ರೇಮಿನಾಚೆ ಉಳಿದ ಗೋಡೆಯನ್ನು ಮನೆಯಲ್ಲಿ ಕೂತು ತರಲು ಆಗುವುದಿಲ್ಲ. ಹಲವು ಫೋಟೋ ಸೇರಿಸಿ ಪನೋರಮಾ ಜೋಡಿಸಬಹುದಲ್ವಾ ಅಂತ ಕೆಲವರು ವಾದ ಮಾಡುತ್ತಾರೆ. ಬಯಲಲ್ಲಿ ಸರಿ. ಬಾವಿಯೊಳಗೆ, ಕಂಬಗಳ ನಡುವೆ, ಹತ್ತಿರದ ಗೆರೆಗಳು ಒಂದಕ್ಕೊಂದು ಕೂಡುವುದಿಲ್ಲ.

ಅದೇ ಊರಿನ ಕಾಶಿ ವಿಶ್ವನಾಥ ಗುಡಿಗೆ ಬನ್ನಿ. ಒಂದೇ ಜಗುಲಿಯ ಮೇಲೆ ಎದುರುಬದುರು ಎರಡು ಗುಡಿ. ಬಾಗಿಲವಾಡದ ಕೆತ್ತನೆ ನೋಡಿದರೆ ಯಾವನೋ ಕಲ್ಲಿನಲ್ಲಿ ಕಸೂತಿ ಹಾಕಿದ್ದಾನೆ ಅನ್ನಿಸುತ್ತದೆ. ಇಡೀ ಬಾಗಿಲವಾಡಕ್ಕೆ ಎಡಗಡೆಯ ನಂಬರ್ ಬೇಕು. ಅದರ ಒಂದು ಪಟ್ಟಿಯಲ್ಲಿನ ಬಳ್ಳಿ, ಬಳ್ಳಿಯೊಳಗಿನ ಸಣ್ಣ ಬೊಂಬೆ ಬೇಕಾದರೆ 80ರಿಂದ 100. ಶಿಖರದ ಮೇಲಿನ ಕೀರ್ತಿಮುಖಕ್ಕೆ 135. ಗುಡಿಯ ಅಂಗಳದಲ್ಲಿ ಇದಕ್ಕಿಂತ ಉದ್ದದ್ದು ನನಗೆ ಬೇಕು ಅನ್ನಿಸಿದ್ದಿಲ್ಲ.

ಇನ್ನು ಕತ್ತಲೆಯ ಮಾತು. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಒಳಗೆ ಹೋದರೆ ಹೊರಗಿನ ಬಿಸಿಲಿಗೆ ಹೊಂದಿಕೊಂಡ ಕಣ್ಣಿಗೆ ಮೊದಲು ಏನೂ ಕಾಣಿಸದು. ಆಮೇಲೆ ನಿಧಾನಕ್ಕೆ ನಾಲ್ಕು ಮುಖದ ಬ್ರಹ್ಮ ಕಾಣುತ್ತಾನೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಟ್ಟು ತೆಗೆಯಲು ಮೊದಲೇ ಅನುಮತಿ ಬೇಕು. ಹಾಗಾಗಿ ಕೈಯಲ್ಲೇ ಹಿಡಿದು ತೆಗೆಯಬೇಕು. ಇಲ್ಲಿ ಎಲ್ಲರೂ "ಎಫ್/2.8 ಬೇಕೇ ಬೇಕು" ಅನ್ನುತ್ತಾರೆ. ಎಫ್ ನಂಬರ್ ಅಂದರೆ ಬೆಳಕು ಬರುವ ಕಿಂಡಿಯ (ಅಪರ್ಚರ್) ಅಳತೆ, ನಂಬರ್ ಸಣ್ಣದಿದ್ದಷ್ಟೂ ಕಿಂಡಿ ದೊಡ್ಡದು. ಎಫ್/2.8 ಲೆನ್ಸ್ ಎಫ್/5.6ಗಿಂತ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ, ನಿಜ. ಆದರೆ ಕಲ್ಲಿನ ಬ್ರಹ್ಮ ಅಲ್ಲಾಡುವುದಿಲ್ಲ. ಅಲ್ಲಾಡುವುದು ನಮ್ಮ ಕೈ. ಕೈಯ ನಡುಕಕ್ಕೆ ಲೆನ್ಸಿನಲ್ಲೋ ಕ್ಯಾಮೆರಾದಲ್ಲೋ ಸ್ಟೆಬಿಲೈಸೇಶನ್ ಇದ್ದರೆ ಸಾಕು. ಕಂಬಕ್ಕೆ ಆತು ನಿಂತು, ಉಸಿರು ಬಿಟ್ಟು, ಸೆಕೆಂಡಿನ 1/15ರಲ್ಲಿ ಆರಾಮಾಗಿ ತೆಗೆಯಬಹುದು.

ಎಫ್/2.8 ನಿಜವಾಗಿ ಬೇಕಾಗುವುದು ಕತ್ತಲೆಯಲ್ಲಿ ಮಂದಿ ಓಡಾಡುತ್ತಿರುವಾಗ. ಜಾತ್ರೆಯ ರಾತ್ರಿ, ಭಜನೆ, ಡೊಳ್ಳು. ಸ್ಟೆಬಿಲೈಸೇಶನ್ ನಿಮ್ಮ ಕೈ ಹಿಡಿಯುತ್ತದೆಯೇ ಹೊರತು ಡೊಳ್ಳು ಬಡಿಯುವವನ ಕೈ ಹಿಡಿಯುವುದಿಲ್ಲ. ನಿಮ್ಮ ಒಲವು ಆ ಕಡೆ ಜಾಸ್ತಿ ಇದ್ದರೆ ಟ್ಯಾಮ್ರಾನ್‌ನ 17-70 ಎಫ್/2.8 ನೋಡಿ. ತೂಕ 525 ಗ್ರಾಂ, ಒಳಗೇ ಸ್ಟೆಬಿಲೈಸೇಶನ್ ಇದೆ. ಸಿಗ್ಮಾದ 18-50 ಎಫ್/2.8 ಇನ್ನೂ ಹಗುರ, ಮುನ್ನೂರು ಗ್ರಾಂ ಒಳಗೆ. ಆದರೆ ಅದರಲ್ಲಿ ಸ್ಟೆಬಿಲೈಸೇಶನ್ ಇಲ್ಲ, ಕ್ಯಾಮೆರಾದಲ್ಲಿ ಇರಬೇಕು.

ಗುಡಿ ಆಯಿತು, ಗುಡ್ಡಕ್ಕೆ ಬರೋಣ. ನಮಗೆ ಗುಡ್ಡ ಅಂದರೆ ಗದಗ ಜಿಲ್ಲೆಯ ಕಪ್ಪತಗುಡ್ಡ. 2019ರಲ್ಲಿ ವನ್ಯಜೀವಿ ಧಾಮವಾಯಿತು. ಮಲೆನಾಡಿನ ಹಾಗೆ ನೆರಳಿನಲ್ಲಿ ಹತ್ತುವ ಗುಡ್ಡ ಅಲ್ಲ ಇದು. ಕುರುಚಲು, ಹುಲ್ಲು, ತಲೆ ಮೇಲೆ ಬಿಸಿಲು. ನೀರು ಎರಡು ಲೀಟರ್ ಆದರೂ ಹೊರಬೇಕು. ಇಲ್ಲಿ ಲೆನ್ಸಿನ ತೂಕ ಲೆಕ್ಕಕ್ಕೆ ಬರುತ್ತದೆ. ಎಪಿಎಸ್-ಸಿಗೆ ಸಿಗುವ ನಿಕಾನ್ ಜೆಡ್ 18-140, ಸೋನಿ 18-135, ಕ್ಯಾನನ್ ಆರ್‌ಎಫ್-ಎಸ್ 18-150, ಈ ಮೂರೂ 310ರಿಂದ 325 ಗ್ರಾಂ ಒಳಗೆ. ಫುಲ್ ಫ್ರೇಮಿನ ಎಫ್/4 ಜೂಮ್‌ಗಳು 630ರಿಂದ 700 ಗ್ರಾಂ. ಅಂದರೆ ಹೆಚ್ಚುಕಡಿಮೆ ದುಪ್ಪಟ್ಟು, ಮೇಲಿಂದ ದೊಡ್ಡ ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ) ಭಾರ ಬೇರೆ. ಗುಡ್ಡ ಹತ್ತಲೆಂದೇ ಕ್ಯಾಮೆರಾ ತಗೊಳ್ಳುವವರು ಫುಲ್ ಫ್ರೇಮಿನ ಆಸೆಗೆ ಬೀಳದಿದ್ದರೆ ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ಒಲಿಂಪಸ್ ಇದ್ದವರು ಪುಣ್ಯವಂತರು. ಅದರ ಸೆನ್ಸರ್ ಇನ್ನೂ ಸಣ್ಣದು, ಅವರಿಗೆ 12-100 ಎಫ್/4 ಇದೆ, 561 ಗ್ರಾಂನಲ್ಲಿ ಫುಲ್ ಫ್ರೇಮಿನ 24-200ಕ್ಕೆ ಸಮ.

ಗುಡ್ಡದ ಮೇಲೆ ಬಲಗಡೆಯ ನಂಬರಿಗೂ ಕೆಲಸ ಸಿಗುತ್ತದೆ ಅನ್ನಿ. ಸಾಲು ಸಾಲು ಗಾಳಿಯಂತ್ರ, ಹಿಂದೊಂದು ದಿಬ್ಬ, ಅದರ ಹಿಂದೆ ಇನ್ನೊಂದು. ವೈಡ್‌ನಲ್ಲಿ ತೆಗೆದರೆ ಇದೆಲ್ಲ ಕಡ್ಡಿ ನಿಲ್ಲಿಸಿದ ಹಾಗೆ ಕಾಣುತ್ತದೆ. 100-140ರಲ್ಲಿ ತೆಗೆದರೆ ದಿಬ್ಬಗಳು ಒಂದರ ಮೇಲೊಂದು ಒತ್ತಿಕೊಂಡು ಬರುತ್ತವೆ. ಆದರೆ ಮೇಲೆ ಗಾಳಿ ಜೋರು. ಸ್ಟೆಬಿಲೈಸೇಶನ್ ಇದೆ ಅಂತ ನೆಚ್ಚಿಕೊಂಡು ಕೂರಬೇಡಿ, ಶಟರ್ ಸೆಕೆಂಡಿನ 1/250ಕ್ಕೆ ಇಡಿ.

ಇನ್ನೊಂದು ಧೂಳು. ಎರೆಮಣ್ಣಿನ ಸೀಮೆ ನಮ್ಮದು. ಬೇಸಿಗೆಯಲ್ಲಿ ಧೂಳು ಎಲ್ಲಿ ಬೇಕಾದರೂ ನುಗ್ಗುತ್ತದೆ. ಗಾಳಿಯಲ್ಲಿ ನಿಂತು ಲೆನ್ಸ್ ಬದಲಿಸಿದರೆ ಸೆನ್ಸರ್ ಮೇಲೆ ಚುಕ್ಕಿ ಬೀಳುವುದು ಗ್ಯಾರಂಟಿ. ಒಂದೇ ಲೆನ್ಸ್ ಇರಲಿ ಅನ್ನುವುದಕ್ಕೆ ನನ್ನ ದೊಡ್ಡ ಕಾರಣ ಇದೇ. ಜೂಮ್ ಮಾಡಿದಾಗ ಮುಂದೆ ಬರುವ ಕೊಳವೆಯ ಮೇಲೆ ಕೂತ ಧೂಳನ್ನು ಬ್ರಷ್‌ನಿಂದ ಒರೆಸಿ, ಆಮೇಲೆ ಒಳಗೆ ತಗೊಳ್ಳಿ. ಇಲ್ಲದಿದ್ದರೆ ಅದು ಲೆನ್ಸಿನೊಳಗೆ ಹೋಗುತ್ತದೆ.

ಹಾಗಾದರೆ 18-300, 18-400 ಯಾಕೆ ಬೇಡ? ಬೇಡ ಅಂತೇನಿಲ್ಲ. ಎಡಗಡೆ 18 ಇದೆ, ನನ್ನ ಶರತ್ತು ಪೂರೈಸಿತು. ಟ್ಯಾಮ್ರಾನ್ 18-300ಕ್ಕೆ ಇನ್ನೊಂದು ಒಳ್ಳೆಯ ಗುಣ ಇದೆ. 18ರ ತುದಿಯಲ್ಲಿ 15 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದು ಕಾಯಿಯ ಸುಕ್ಕು ಸುಕ್ಕು ತೆಗೆಯಬಹುದು, ಹಿಂದೆ ಇಡೀ ಕೆಂಪು ರಾಶಿಯೂ ಬರುತ್ತದೆ. ಕೆಮ್ಮು ಬರುವುದರೊಳಗೆ ತೆಗೆದು ಏಳಬೇಕು, ಅಷ್ಟೇ. ಆದರೆ ತೂಕ 620 ಗ್ರಾಂ. 300ರ ತುದಿಯಲ್ಲಿ ಅಪರ್ಚರ್ ಎಫ್/6.3ಕ್ಕಿಂತ ದೊಡ್ಡದು ಸಿಗದು. ಸಂಜೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಅಂದರೆ ಐಎಸ್‌ಒ ಏರಿಸಲೇಬೇಕು.

ಇದನ್ನು ಬಯಸುವವರ ತಲೆಯಲ್ಲಿ ಇರುವುದು ಹಕ್ಕಿ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೂ ಸೇರಿತು. ಏರಿ ಮೇಲೆ ನಿಂತರೆ ಹಕ್ಕಿಗಳು ನೀರಿನ ನಡುವೆ. 300 ಹಾಕಿದರೂ ಒಂದೊಂದು ಹಕ್ಕಿ ಅಕ್ಕಿಕಾಳಿನಷ್ಟು. ರಾಣೇಬೆನ್ನೂರಿನ ಕೃಷ್ಣಮೃಗವೂ ಹಾಗೇ, ನೀವು ಹತ್ತಿರ ಹೋದಷ್ಟೂ ಅದು ದೂರ. ಹಕ್ಕಿ, ಪ್ರಾಣಿ ಬೇರೆಯೇ ಕೆಲಸ, ಅದಕ್ಕೆ ಬೇರೆಯೇ ಲೆನ್ಸ್. ಓಡಾಟದ ಲೆನ್ಸಿನಿಂದ ಆ ಕೆಲಸ ಮಾಡಿಸಲು ಹೋದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ಜನ ಎಡವುವ ಜಾಗ ಒಂದಿದೆ. "ಮುಂದ ಫುಲ್ ಫ್ರೇಮ್ ತಗೊಳ್ಳಾವಿದ್ದೀನ್ರೀ, ಈಗ 24-105 ತಗೊಂಡು ಇಡ್ತೀನಿ" ಅನ್ನುವವರು. ಕ್ಯಾನನ್‌ನ ಎಪಿಎಸ್-ಸಿ ಕ್ಯಾಮೆರಾಕ್ಕೆ ಅದನ್ನು ಹಾಕಿದರೆ, ಸಣ್ಣ ಸೆನ್ಸರ್ ನಡುವಿನ ಭಾಗವನ್ನಷ್ಟೇ ಹಿಡಿಯುವುದರಿಂದ, 1.6 ಪಟ್ಟು ಲೆಕ್ಕದಲ್ಲಿ ಫುಲ್ ಫ್ರೇಮಿನ 38-168 ಆಗುತ್ತದೆ. ಎಡಗಡೆ 38! ಮುಸುಕಿನ ಬಾವಿಯಲ್ಲಿ ಒಂದೇ ಒಂದು ಗೂಡಿನ ಫೋಟೋ ತೆಗೆದುಕೊಂಡು ಬರಬೇಕಾಗುತ್ತದೆ. ಫುಲ್ ಫ್ರೇಮ್ ಬಾಡಿ ಯಾವಾಗ ಬರುತ್ತದೋ ಗೊತ್ತಿಲ್ಲ, ಅಲ್ಲಿಯವರೆಗೆ ವೈಡ್ ಇಲ್ಲದೆ ಓಡಾಡುವುದು ಯಾಕೆ? ಇವತ್ತು ಕೈಯಲ್ಲಿರುವ ಕ್ಯಾಮೆರಾಕ್ಕೆ ಹೊಂದುವ ಲೆನ್ಸ್ ತಗೊಳ್ಳಿ.

"ವೈಡ್‌ಗೆ ಮೊಬೈಲ್ ಐತಲ್ರೀ" ಅನ್ನುವ ಮಾತೂ ಬರುತ್ತದೆ. ಇದು ತಳ್ಳಿಹಾಕುವ ಮಾತಲ್ಲ. ಮೊಬೈಲಿನ 0.5 ಬಿಸಿಲಿನಲ್ಲಿ ಚೆನ್ನಾಗಿಯೇ ಬರುತ್ತದೆ. ನಿಮಗೆ ಅದರಲ್ಲಿ ತೃಪ್ತಿ ಇದ್ದರೆ ನಾನು ಹೇಳಿದ್ದನ್ನು ಬಿಟ್ಟು ಟ್ಯಾಮ್ರಾನ್‌ನ 28-200 ಥರದ್ದು ತಗೊಂಡು ಆರಾಮಾಗಿರಬಹುದು. ನನಗೆ ಗುಡಿಯೊಳಗಿನ ಕತ್ತಲೆಯಲ್ಲಿ ಅದು ಸಾಲುವುದಿಲ್ಲ.

ಈಗಾಗಲೇ ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ 18-55 ಇದ್ದವರು ದುಡ್ಡು ಹಾಕುವ ಮುಂಚೆ ಒಂದು ಕೆಲಸ ಮಾಡಿ. ಕಂಪ್ಯೂಟರಿನಲ್ಲಿ ನಿಮ್ಮ ಹಳೆಯ ಫೋಟೋಗಳನ್ನು ತೆರೆದು ಒಂದೊಂದನ್ನೂ ಯಾವ ಎಂಎಂ ನಂಬರ್, ಅಂದರೆ ಯಾವ ಫೋಕಲ್ ಲೆಂತ್‌ನಲ್ಲಿ ತೆಗೆದಿದ್ದೀರಿ ನೋಡಿ. ಫೈಲಿನ ವಿವರದಲ್ಲೇ ಇರುತ್ತದೆ. ಇಷ್ಟಪಟ್ಟ ಫೋಟೋಗಳೆಲ್ಲ 18ರಲ್ಲೇ ಇದ್ದರೆ ನೀವು ವೈಡ್‌ನವರು, 16ರಿಂದ ಶುರುವಾಗುವುದನ್ನು ಹುಡುಕಿ. ಫ್ಯೂಜಿಯ 16-80 ಎಫ್/4 ಅಂಥದ್ದು, 440 ಗ್ರಾಂ. 55ಕ್ಕೆ ಹೋಗಿ ಹೋಗಿ ನಿಂತಿದ್ದರೆ 135-140 ನಿಮಗೇ ಮಾಡಿಸಿದ್ದು. ಎರಡೂ ಇಲ್ಲ, ಎಲ್ಲ ನಡುವೆಯೇ ಇದೆ ಅಂದರೆ ಸುಮ್ನೆ 18-55ರಲ್ಲೇ ಓಡಾಡಿ. ಉಳಿದ ದುಡ್ಡಿಗೆ ಪೆಟ್ರೋಲ್ ಹಾಕಿಸಿ.

ಅಂಗಡಿಗೆ ಹೋದಾಗ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ, ಮೂತಿ ಕೆಳಗೆ ಮಾಡಿ ಅಲ್ಲಾಡಿಸಿ. ಕೊಳವೆ ತಾನಾಗಿ ಜಾರಿ ಉದ್ದವಾದರೆ ಗುಡ್ಡ ಹತ್ತುವಾಗ ಕುತ್ತಿಗೆಯಲ್ಲಿ ನೇತಾಡಿಕೊಂಡು ಕಲ್ಲಿಗೆ ಬಡಿಯುತ್ತದೆ. ಲಾಕ್ ಗುಂಡಿ ಇದ್ದರೆ ಚಿಂತೆಯಿಲ್ಲ. ಹುಡ್ (ಲೆನ್ಸಿನ ಮುಂದೆ ಹಾಕುವ ಬಿಸಿಲು ಮರೆ) ಬೇರೆಯಾಗಿ ಕೊಳ್ಳಬೇಕೇ ಕೇಳಿ, ಎಷ್ಟೋ ಲೆನ್ಸಿನ ಜೊತೆ ಕೊಡುವುದಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಹಳೆಯ ಥರದ ಕ್ಯಾಮೆರಾ) ಇಟ್ಟುಕೊಂಡವರಿಗೆ ಈಗ ಒಳ್ಳೆಯ ಕಾಲ, ಮದುವೆ ಫೋಟೋದವರು ಮಿರರ್‌ಲೆಸ್‌ಗೆ ಹೋಗುತ್ತ ಹಳೆಯದನ್ನು ಮಾರುತ್ತಿದ್ದಾರೆ. ನಿಕಾನ್ ಇದ್ದರೆ 16-80 ಕೇಳಿ. ಕ್ಯಾನನ್ ಇದ್ದರೆ ಇಎಫ್-ಎಸ್ 15-85. ಹಳೆಯದು, 575 ಗ್ರಾಂ ತೂಕ, ಆದರೆ ಫುಲ್ ಫ್ರೇಮಿನ ಲೆಕ್ಕ ಹಾಕಿದರೆ 24-136. ಹಿಂದಿನ ಮುಚ್ಚಳ ತೆಗೆದು ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಇರಲಿ. ಜೇಡರ ಬಲೆಯ ಎಳೆಯಂಥದ್ದು ಕಂಡರೆ ಅದು ಫಂಗಸ್, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.